ಇಲ್ಲಿ ಬೆಳಗು, ಅಲ್ಲಿ ಇನ್ನೂ ನಿನ್ನೆ

ಲಿಫ್ಟ್ ಕಂಪನಿಯ ಸಹಾಯವಾಣಿ ಕೋಣೆಯ ಕಿಟಕಿಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ಎಲ್ಲರೂ ಲಿಫ್ಟಕ್ಕ ಎಂದೇ ಕರೆಯುವ ಹೆಂಗಸು ಚಹಾದ ಲೋಟವನ್ನು ತುಟಿಗಿಡುವಷ್ಟರಲ್ಲಿ ಪರದೆಯ ಮೇಲೆ ಕೆಂಪು ದೀಪ ಮಿನುಗುತ್ತದೆ. ಹತ್ತು ಗಂಟೆ ಹಿಂದಿರುವ ಊರೊಂದರಲ್ಲಿ, ನಿನ್ನೆಯ ರಾತ್ರಿ ಎಂಟಕ್ಕೆ, ಲಿಫ್ಟೊಂದು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿದೆ. ಒಳಗೆ ಒಬ್ಬನೇ ಇದ್ದಾನೆ. ದೀಪವೂ ಆರಿದೆ.

"ಕೇಳಿಸ್ತಿದೆ, ಹೇಳಿ," ಎನ್ನುತ್ತಾರೆ ಅವನ ಭಾಷೆಯಲ್ಲೇ. ಲೋಟ ಮೂಲೆಗೆ ಸರಿಯುತ್ತದೆ.

ಲಿಫ್ಟಿನೊಳಗೆ ಗಂಟೆಯ ಚಿತ್ರವಿರುವ ಗುಂಡಿಯನ್ನು ನಾವೆಲ್ಲ ನೋಡಿದ್ದೇವೆ. ಒತ್ತಿದರೆ ಯಾರು ಓಗೊಡುತ್ತಾರೆಂದು ಯೋಚಿಸಿದವರು ಕಡಿಮೆ. ಗಂಡನ ಕೆಲಸ ಹೋದ ವರ್ಷ ಹೊಟ್ಟೆಪಾಡಿಗೆಂದು ಈ ಕುರ್ಚಿಯಲ್ಲಿ ಕೂತ ಲಿಫ್ಟಕ್ಕ, ತಮ್ಮೂರು ಮತ್ತು ಆ ದೂರದೂರು ಎರಡರ ಲಿಫ್ಟುಗಳಿಗೂ ಕಿವಿಯಾಗಿ ಒಂಬತ್ತು ವರ್ಷ ಕಳೆದಿದ್ದಾರೆ. ಕೆಲಸ ಏನೆಂದು ಮನೆಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗಿತ್ತು. ಈಗ ಅತ್ತೆಯೇ ಪಕ್ಕದ ಮನೆಯವರಿಗೆ ಹೇಳುತ್ತಾರೆ: "ಯಾರಾದ್ರೂ ಬಾವಿಗೆ ಬಿದ್ರೆ ನಮ್ಮ ಸೊಸೆ ಹಗ್ಗ ಕೊಡಲ್ಲ. ಹಗ್ಗ ಬರೋ ತನಕ ಹರಟೆ ಹೊಡೀತಾಳೆ."

ಎರಡು ಊರುಗಳೋ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ, ಎನ್ನುತ್ತಾರೆ ಲಿಫ್ಟಕ್ಕ. "ನಮ್ಮೂರೋರು ಸಿಕ್ಕಿಹಾಕ್ಕೊಂಡ್ರೆ ಮೊದ್ಲು ಬೈತಾರೆ. ಆಮೇಲೆ ನನಗೆ ಮಕ್ಕಳೆಷ್ಟು ಅಂತ ಕೇಳ್ತಾರೆ. ಬಾಗಿಲು ತೆಗೆಯೋ ಹೊತ್ತಿಗೆ ಒಳಗಿರೋ ಐದು ಜನ ನೆಂಟರಾಗಿರ್ತಾರೆ. ಆ ಊರಲ್ಲಿ ಐದು ಜನ ಇದ್ರೂ ಐದೂ ಜನ ಒಬ್ಬೊಬ್ರೇ. ತೊಂದ್ರೆ ಕೊಟ್ವಿ, ಕ್ಷಮಿಸಿ ಅಂತ ನನಗೇ ಹೇಳ್ತಾರೆ."

ಸಮಾಧಾನದ ಮಾತೂ ಬೇರೆ. ಇಲ್ಲಿ "ಇಗೋ, ಬಂದೇಬಿಟ್ರು" ಎಂದರೆ ಜೀವಕ್ಕೆ ತಂಪು. ಮೆಕ್ಯಾನಿಕ್ ಅರ್ಧ ಗಂಟೆ ಬಿಟ್ಟು ಬಂದರೂ ಯಾರೂ ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ. ಹೊಸದರಲ್ಲಿ ಅಭ್ಯಾಸಬಲದಿಂದ ಆ ಊರಿನ ಹೆಂಗಸೊಬ್ಬರಿಗೂ "ಹತ್ತೇ ನಿಮಿಷ" ಎಂದಿದ್ದರು. ಹತ್ತು ನಿಮಿಷ ಕಳೆಯಿತು. "ನೀವು ಸುಳ್ಳು ಹೇಳಿದ್ರಿ" ಎಂದ ದನಿ, ಎಷ್ಟು ಕರೆದರೂ ಮತ್ತೆ ಕೇಳಿಸಲಿಲ್ಲ.

"ಬಾಗಿಲು ತೆಗೆಯೋ ತನಕ ಅವರು ಬದುಕಿದ್ದಾರೋ ಇಲ್ವೋ ನಂಗೆ ಗೊತ್ತಿರ್ಲಿಲ್ಲ. ಅವತ್ತಿಂದ ಆ ಊರಿಗೆ ಒಂದು ಸುಳ್ಳೂ ಹೇಳಿಲ್ಲ."

ಅದಕ್ಕೇ ಇವತ್ತು ಕತ್ತಲೆಯಲ್ಲಿರುವವನಿಗೂ ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ: ಮೆಕ್ಯಾನಿಕ್ ಹೊರಟಿದ್ದಾನೆ, ಯಾವಾಗ ತಲುಪುತ್ತಾನೋ ಗೊತ್ತಿಲ್ಲ. ಆತನ ಉಸಿರು ಜೋರಾಗುತ್ತದೆ. ಬಾಗಿಲನ್ನು ಉಗುರಿನಿಂದ ಕೆರೆಯುವ ಸದ್ದು ಕೇಳುತ್ತದೆ. ಇಷ್ಟು ವರ್ಷವಾದರೂ ಲಿಫ್ಟಕ್ಕನಿಗೆ ಆ ಸದ್ದೊಂದು ರೂಢಿಯಾಗಿಲ್ಲ.

"ನಿಮ್ಮಲ್ಲಿ ಈಗ ಗಂಟೆ ಎಷ್ಟು?" ಆತ ಕೇಳುತ್ತಾನೆ.

"ಆರು. ಬೆಳಗಾಗ್ತಿದೆ."

"ಏನು ಕಾಣಿಸ್ತಿದೆ? ಹೇಳ್ತಾ ಇರಿ."

ಮಾತಿಗೇ ಬಡತನವಿರುವ ಊರಿನವನು ಮಾತು ಬೇಡಿದ್ದಾನೆ. ಲಿಫ್ಟಕ್ಕ ಕುರ್ಚಿಯನ್ನು ಕಿಟಕಿಯತ್ತ ಎಳೆದುಕೊಂಡು ಕಂಡದ್ದನ್ನೆಲ್ಲ ಹೇಳತೊಡಗುತ್ತಾರೆ. ಬೀದಿ ಗುಡಿಸುವವಳು ಪೊರಕೆಯನ್ನು ಗೋಡೆಗೊರಗಿಸಿ ಕೂದಲು ಗಂಟುಹಾಕಿಕೊಳ್ಳುತ್ತಿದ್ದಾಳೆ. ಪೇಪರಿನವನ ಸೈಕಲ್ಲಿನ ಚೈನು ಬಿದ್ದಿದೆ, ಅವನು ಸೈಕಲ್ಲಿಗೇ ಬುದ್ಧಿ ಹೇಳುತ್ತಿದ್ದಾನೆ. ಎದುರು ತಾರಸಿಯಲ್ಲಿ ಎರಡು ಕಾಗೆಗಳು ಜಗಳಕ್ಕಿಳಿದಿವೆ. ನೀರಿನ ಟ್ಯಾಂಕಿನ ಹಿಂದೆ ಆಕಾಶ ಕೆಂಪೇರಿದೆ, ಸೂರ್ಯ ಇನ್ನೇನು ಬರಬೇಕು. ಕೆರೆಯುವ ಸದ್ದು ನಿಂತಿದೆ. ಉಸಿರು ಹದಕ್ಕೆ ಬಂದಿದೆ.

ಕೊನೆಗೂ ಬಾಗಿಲು ತೆರೆದ ಸದ್ದು, ಮೆಕ್ಯಾನಿಕ್‌ನ ದನಿ. ಆದರೆ ಒಳಗಿರುವವನು ಹೊರಗೆ ಹೋಗುತ್ತಿಲ್ಲ.

"ಸೂರ್ಯ ಬಂದನಾ?"

ಟ್ಯಾಂಕಿನ ಹಿಂದೆ ಆಗಲೇ ಮೋಡ ಕವಿದಿದೆ. "ಬಂದ," ಎನ್ನುತ್ತಾರೆ ಲಿಫ್ಟಕ್ಕ.

ಆರಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ಕಣ್ಣೊರೆಸಿಕೊಂಡು ನಗುತ್ತಾರೆ. "ಇಷ್ಟು ವರ್ಷ ಕಾಪಾಡ್ಕೊಂಡಿದ್ದೆ. ಇದೊಂದು ಸುಳ್ಳನ್ನ ಆ ಊರೋರು ಕ್ಷಮಿಸ್ತಾರೆ ಬಿಡಿ."