ಹೆಳವನ ಪುಸ್ತಕದಲ್ಲಿಲ್ಲದ ಹೆಣ್ಣು

ಜಗಳೂರಿನ ಕೂಲಿ ತಿಪ್ಪೇಶಪ್ಪನ ಮಗಳು ರುದ್ರಾಣಿ ಡಾಕ್ಟರಾದದ್ದು ಸರ್ಕಾರಿ ಹಾಸ್ಟೆಲ್ಲಿನ ಅನ್ನ ತಿಂದು, ಆ ಅನ್ನ ನೆಟ್ಟಗಿಲ್ಲ ಎಂದು ತಾಲೂಕು ಕಚೇರಿ ಮುಂದೆ ಧರಣಿ ಕೂತು. ಆಮೇಲೆ ವಂಶವಾಹಿ ರೋಗಗಳನ್ನು ಓದಿದಳು, ಮಿದುಳಿನ ಸ್ಕ್ಯಾನಿಂಗ್ ಕಲಿತಳು. ಹೊನ್ನಾಳಿ, ಚನ್ನಗಿರಿ ಕಡೆಯ ಕೆಲವು ಮನೆತನಗಳಲ್ಲಿ ನಲವತ್ತು ದಾಟುವ ಮೊದಲೇ ಕೈಕಾಲು ತಾವಾಗಿ ಕುಣಿಯುವ ಕಾಯಿಲೆಯಿತ್ತು. ಅದಕ್ಕೆ ಔಷಧಿಯಿಲ್ಲ. ಯಾರ ರಕ್ತದಲ್ಲಿದೆ ಎಂದು ಹೇಳಬಹುದು, ಅಷ್ಟೇ.

ಅದಕ್ಕೆ ವಂಶಾವಳಿ ಬೇಕು. ಊರೂರು ತಿರುಗಿ ಮನೆತನಗಳ ತಲೆಮಾರು ಬರೆದಿಡುವ ಹೆಳವ ಕೆಂಚೇಶ್ ತನ್ನ ಪುಸ್ತಕ ಬಿಚ್ಚಿದ. ರುದ್ರಾಣಿಯ ಕೇರಿಗೆ ಯಾವ ಹೆಳವನೂ ಬಂದವನಲ್ಲ. ಹತ್ತು ತಲೆಮಾರಿನ ಹೆಸರು ಕಂಡು ಅವಳು ಬೆರಗಾದಳು, ನಂಬಿದಳು.

ಅಂಥದೇ ಒಂದು ಮನೆತನದ, ಸಂತೇಬೆನ್ನೂರಿನ ಪ್ರೇಮಲತಾ ಮದುವೆಗೆ ಮೊದಲು ಬಂದು ರಕ್ತಪರೀಕ್ಷೆ ಕೇಳಿದಳು. ಅವಳಪ್ಪ ವಿರೂಪಾಕ್ಷಪ್ಪ ಮೂವತ್ತಕ್ಕೇ, ಕಾಯಿಲೆ ಕಾಣುವ ವಯಸ್ಸಿಗೂ ಮೊದಲೇ, ಟ್ರ್ಯಾಕ್ಟರ್ ಮಗುಚಿ ಸತ್ತಿದ್ದ. ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 'ದತ್ತು' ಎಂದಿತ್ತು. "ಆ ಮನೆತನದ ರಕ್ತ ನಿನಗಿಲ್ಲ. ಟೆಸ್ಟ್ ಬೇಡ, ಧೈರ್ಯವಾಗಿ ಮದುವೆಯಾಗು," ಎಂದಳು ರುದ್ರಾಣಿ.

ಒಂಬತ್ತು ವರ್ಷದ ಮೇಲೆ ಪ್ರೇಮಲತಾ ಮತ್ತೆ ಬಂದಳು. ಟೈಲರಿಂಗ್ ಮಾಡುವವಳು. ಹೊಲಿಗೆ ಸೊಟ್ಟ ಹೋಗುತ್ತಿತ್ತು, ಭುಜ ಜಿಗಿಯುತ್ತಿತ್ತು. ಸ್ಕ್ಯಾನಿನಲ್ಲಿ ಮಿದುಳಿನ ಒಳಭಾಗ ಸವೆದಿತ್ತು. ರಕ್ತವೂ ಅದನ್ನೇ ಹೇಳಿತು.

ರುದ್ರಾಣಿ ಪ್ರೇಮಲತಾಳ ಅಜ್ಜಿ ಕೊಟ್ರಮ್ಮನ ಹತ್ತಿರ ಓಡಿದಳು. ವಿರೂಪಾಕ್ಷಪ್ಪನನ್ನು ದತ್ತು ತಂದವಳು ಅವಳೇ.

"ದತ್ತು ಅಂದ್ರೆ ಸಂತೇಲಿ ತಂದ್ವಾ? ನಮ್ಮ ಯಜಮಾನ್ರ ತಂಗಿ ಮಗ. ಅವ್ಳಿಗೂ ಕೈಕಾಲು ಕುಣೀತಿದ್ವು. ಗಂಡನ ಮನೇರು ದೆವ್ವ ಬಡಿದೈತೆ ಅಂತ ಕಟ್ಟಿ ಹಾಕಿದ್ರು, ಹಂಗೇ ಸತ್ಲು. ಆಮ್ಯಾಕೆ ಅವ್ಳ ಹೆಸರು ಯಾರೂ ಎತ್ತಲಿಲ್ಲ."

"ಪುಸ್ತಕದಲ್ಲಿ ಅವಳು ಇಲ್ಲವೇ ಇಲ್ಲವಲ್ಲ, ಅಜ್ಜಿ!"

"ಕೊಟ್ಟ ಹೆಣ್ಣನ್ನ ಹೆಳವ ಯಾಕೆ ಬರೀತಾನೆ? ನೀವು ಅವನ್ನ ಕೇಳಿದ್ರಿ. ನನ್ನ ಕೇಳಿದ್ರಾ?"

ಜೊತೆಯ ಡಾಕ್ಟರುಗಳು ತಪ್ಪು ಒಪ್ಪಬೇಡಿ, ಕೇಸಾಗುತ್ತದೆ ಎಂದರು. ರುದ್ರಾಣಿ ಅವರ ಮಾತು ಕೇಳಲಿಲ್ಲ. ಅದಾಗಲೇ ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಪಂಕ್ತಿಯಲ್ಲಿ ಯಾರ ಕೈ ಕದಲಿದರೂ ಹೆಸರಿಲ್ಲದ ಆ ಹೆಂಗಸು ಕಾಣತೊಡಗಿದ್ದಳು. ಪುಸ್ತಕದಲ್ಲಿ ದತ್ತು ಎಂದಿದ್ದ, ಟೆಸ್ಟ್ ಬೇಡ ಎಂದು ಅವಳೇ ಹೇಳಿ ಕಳಿಸಿದ್ದ ಇನ್ನೂ ಹನ್ನೊಂದು ಮನೆಗಳಿದ್ದವು.

ಮೊದಲು ಸಂತೇಬೆನ್ನೂರಿಗೆ ಹೋದಳು.

"ನಾನು ತಪ್ಪು ಹೇಳಿದ್ದೆ, ಪ್ರೇಮಲತಾ. ಅವತ್ತೇ ಟೆಸ್ಟ್ ಮಾಡಬೇಕಿತ್ತು."

"ಮಾಡಿದ್ರೆ ನಾ ಇವಳನ್ನ ಹೆರ್ತಿರಲಿಲ್ಲ." ಏಳು ವರ್ಷದ ಚೈತ್ರಶ್ರೀ ಮೂಲೆಯಲ್ಲಿ ಮಗ್ಗಿ ಬರೆಯುತ್ತಿದ್ದಳು. "ಇವಳಿಗೂ ಬರ್ತೈತಾ?"

"ಬರಬಹುದು, ಬರದೆಯೂ ಇರಬಹುದು. ಎರಡೂ ಸಮ. ದೊಡ್ಡವಳಾದ ಮೇಲೆ ಬೇಕಂದರೆ ಅವಳೇ ನೋಡಿಸಿಕೊಳ್ಳಲಿ."

ಹುಡುಗಿ ತಲೆಯೆತ್ತಿದಳು. "ಅಮ್ಮಾ, ಈ ಡಾಕ್ಟ್ರು ಯಾಕೆ ನನ್ನ ಕೈನೇ ನೋಡ್ತಾರೆ?"

ಪ್ರೇಮಲತಾ ಮಗಳನ್ನು ಅಂಗಳಕ್ಕೆ ಕಳಿಸಿದಳು. ಭುಜ ಮತ್ತೆ ಜಿಗಿಯಿತು, ಅದನ್ನು ಇನ್ನೊಂದು ಕೈಯಲ್ಲಿ ಅದುಮಿ ಹಿಡಿದಳು.

"ಮೇಡಂ, ನನ್ನ ನೋಡಾಕೆ ಬರ್ರಿ. ಅವಳನ್ನ ನೋಡಾಕೆ ಬರಬ್ಯಾಡ್ರಿ."

ರುದ್ರಾಣಿ ಈಗ ಶಾಲೆಯ ಹೊತ್ತಿಗಷ್ಟೇ ಆ ಮನೆಗೆ ಹೋಗುತ್ತಾಳೆ.