ಡೀಸೆಲ್ ಟ್ಯಾಂಕಿನ ನೀರು

ಆ ಹಳೇ ಮೋಟಾರು ದೋಣಿಯನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ವೈಗೈ ಅಣೆಕಟ್ಟಿನ ಹಿನ್ನೀರಿನ ಈಚೆ ದಡದಲ್ಲಿ ನನ್ನ ಮಲ್ಲಿಗೆ ತೋಟ, ಆಚೆ ದಡದಲ್ಲಿ ನಿಲಕ್ಕೋಟ್ಟೈ ಹೂವಿನ ಮಂಡಿಗೆ ಹೋಗುವ ಬೆಳಗಿನ ಬಸ್ಸು. ಅದು ತಪ್ಪಿದರೆ ಮೊಗ್ಗೆಲ್ಲ ದಾರಿಯಲ್ಲೇ ಅರಳಿಬಿಡುತ್ತಿತ್ತು. ಅರಳಿದ ಹೂವನ್ನು ಮಂಡಿಯಲ್ಲಿ ಯಾರೂ ಮೂಸಿಯೂ ನೋಡುತ್ತಿರಲಿಲ್ಲ.

ದೋಣಿ ಅಣ್ಣನದು. ಅವನು ಎಂಜಿನ್ ನೋಡಿಕೊಂಡರೆ, ನಾನು ಹಿಂದೆ ಕೂತು, ಮೊಗ್ಗು ಅರಳದಿರಲೆಂದು ಬುಟ್ಟಿಯ ಮೇಲಿನ ಗೋಣಿ ಒಣಗದಂತೆ ನೀರು ಚಿಮುಕಿಸುತ್ತಿದ್ದೆ. ಅವ್ವ ಕಲಿಸಿದ್ದೇ ಹಾಗೆ. ನಡುನೀರಿಗೆ ಬಂದ ಕೂಡಲೇ ಆ ದರಿದ್ರ ಎಂಜಿನ್ ಎರಡು ಸಲ ಕೆಮ್ಮಿ ನಿಂತುಬಿಡುವುದು. ಅಣ್ಣ ಫಿಲ್ಟರಿನ ಗಾಜಿನ ಬಟ್ಟಲು ಬಿಚ್ಚಿದರೆ ತಳದಲ್ಲಿ ನೀರು, ಮೇಲೆ ಡೀಸೆಲ್. ಅದನ್ನು ಚೆಲ್ಲಿ, ಪೈಪಿನ ಗಾಳಿ ತೆಗೆದು ಮತ್ತೆ ಹೊರಡುವಷ್ಟರಲ್ಲಿ ಬಸ್ಸಿನ ಬೆನ್ನು ಕಾಣುತ್ತಿತ್ತು.

ನಾನು ಸುಮ್ಮನಿರುವವಳೇ? "ಎಂಥಾ ಡೀಸೆಲ್ ತರ್ತೀಯಣ್ಣಾ? ಬಾವೀಲಿ ಸೇದ್ಕೊಂಡು ಬರ್ತೀಯಾ?" ಎಂದು ದಿನವೂ ಅವನ ಜೀವ ತಿಂದೆ. ಪಾಪ, ಅವನು ಬಂಕು ಬದಲಿಸಿದ. ನನ್ನ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದ. ಡಬ್ಬವನ್ನು ಒಂದಿಡೀ ದಿನ ಅಲುಗಿಸದೆ ಇಟ್ಟು ಮೇಲಿನದನ್ನಷ್ಟೇ ಸುರಿದ. ಕೊನೆಗೆ ಟ್ಯಾಂಕನ್ನೇ ಬಿಚ್ಚಿ ತೊಳೆದು ಬಿಸಿಲಿಗಿಟ್ಟ. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಮತ್ತೆ ಅದೇ ಕೆಮ್ಮು.

ಅಷ್ಟರಲ್ಲಿ ಮಂಡಿಯವರು, ಇನ್ನೊಮ್ಮೆ ಅರಳಿದ ಹೂವು ತಂದರೆ ಇಳಿಸಲೇಬೇಡಿ ಎಂದುಬಿಟ್ಟರು. ಅಣ್ಣನಿಗೂ ಸಾಕಾಗಿ ದೋಣಿ ಮಾರುತ್ತೇನೆಂದ. ದೋಣಿ ಹೋದರೆ ನನ್ನ ತೋಟವೂ ಹೋದ ಹಾಗೆಯೇ. ಆ ಇಡೀ ವಾರ ನಾನು ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಒಂದು ಬೆಳಿಗ್ಗೆ ಎಂಜಿನ್ ಮತ್ತೆ ನಿಂತಿತು. ಬಿಸಿಲು ಏರುತ್ತಿದೆಯಲ್ಲ ಎಂದು ನಾನು ಗೋಣಿಯ ಮೇಲೆ ಇನ್ನೊಂದು ಚೊಂಬು ನೀರು ಹೆಚ್ಚೇ ಹುಯ್ದೆ. ಅಣ್ಣ ಫಿಲ್ಟರ್ ಬಿಚ್ಚಲು ಹೋಗದೆ ನನ್ನನ್ನೇ ನೋಡುತ್ತ ನಿಂತ.

"ಬುಟ್ಟಿ ಎತ್ತು, ತಾಯೀ," ಎಂದ.

ಜಾರದಿರಲೆಂದು ಬುಟ್ಟಿಯನ್ನು ನಾನು ಯಾವಾಗಲೂ ಹಲಗೆಯ ಒಂದು ತಗ್ಗಿನಲ್ಲಿ ಕೂರಿಸುತ್ತಿದ್ದೆ. ಎತ್ತಿದೆ. ಆ ತಗ್ಗಿನಲ್ಲೇ ಟ್ಯಾಂಕಿನ ಮುಚ್ಚಳ. ಅದರ ರಬ್ಬರು ಸವೆದು ನಾರಾಗಿತ್ತು. ಮುಚ್ಚಳದ ಸುತ್ತ ನೀರು ನಿಂತು ಮೆಲ್ಲಗೆ ಒಳಗಿಳಿಯುತ್ತಿತ್ತು. ಮೂರು ಮಲ್ಲಿಗೆ ಮೊಗ್ಗು ಅದರಲ್ಲಿ ತೇಲುತ್ತಿದ್ದವು.

"ಬಾವಿ ಇಲ್ಲೇ ಐತೆ ನೋಡು," ಎಂದ ಅಣ್ಣ.

ಬಸ್ಸು ಹೋಯಿತು. ಅವನು ಫಿಲ್ಟರಿನ ಬಟ್ಟಲು ಬಿಚ್ಚಲು ಕೂತ. ಚೊಂಬು ಇನ್ನೂ ನನ್ನ ಕೈಯಲ್ಲೇ ಇತ್ತು.