ಒಂದು ಗೇಣು ಕಡಿಮೆ

ಎಮ್ಮಟ್, ವೇ ನದಿಯ ದಂಡೆಯಲ್ಲಿ ಉಣ್ಣೆಬಟ್ಟೆ ತುಳಿದು ಒಗೆಯುವವನ ಮಗಳು. ಹತ್ತೊಂಬತ್ತರ ಹರೆಯದಲ್ಲಿ ಎರಡು ತಿಂಗಳ ಹೆಣ್ಣುಕೂಸನ್ನು ಅಕ್ಕನ ಮಡಿಲಿಗೆ ಹಾಕಿ, ಅರಮನೆಯ ಕೂಸಿಗೆ ಹಾಲೂಡಲು ಹೋದಳು. ಅದು ಇಂಗ್ಲೆಂಡಿನ ಸಿಂಹಾಸನದ ವಾರಸುದಾರ. ದೊಡ್ಡವರ ಮಕ್ಕಳಿಗೆ ಹೆತ್ತವಳ ಹಾಲು ಸಲ್ಲುವುದಿಲ್ಲ. ಆ ಚಳಿಗಾಲ ಅಕ್ಕನ ಮನೆಯಲ್ಲಿ ಅವಳ ಕೂಸು ಕೆಮ್ಮಿ ಕೆಮ್ಮಿ ಸತ್ತಿತು. ಹಾಲು ಬತ್ತೀತೆಂದು ವಸಂತದವರೆಗೂ ಅವಳೆದುರು ಯಾರೂ ಬಾಯಿಬಿಡಲಿಲ್ಲ. ಹೇಳಿದಾಗ ರಾಜಕುಮಾರ ಮೊಲೆ ಚೀಪುತ್ತಿದ್ದ. ಅವಳು ಅತ್ತಳೋ ಇಲ್ಲವೋ, ಅವಳಿಗೇ ನೆನಪಿಲ್ಲ.

ಹಾಲು ಬಿಡಿಸಿದ ಮೇಲೂ ಹುಡುಗ ಅವಳನ್ನು ಬಿಡಲಿಲ್ಲ. ಅರಸ ಅರಸಿ ಕಡಲಾಚೆಯ ಸೀಮೆಯಲ್ಲಿ. ಎರಡು ವರ್ಷಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಹುಡುಗ ಬಾದಾಮಿ ಹಾಲನ್ನು ತಳ್ಳಿ ಅವಳ ಬಟಾಣಿ ಗಂಜಿಗೆ ಕೈಹಾಕುತ್ತಿದ್ದ.

"ದೇಶ ಆಳೋನು ದಾದಿ ಗಂಜಿ ಕದೀತಾನಲ್ಲಪ್ಪ, ಕಳ್ಳ!"

"ದೇಶ ನಂದಾದ್ರೆ ಗಂಜೀನೂ ನಂದೇ, ಎಮ್."

ಹುಡುಗನ ಆರನೇ ವರ್ಷದ ಶರತ್ಕಾಲದಲ್ಲಿ ಅವನ ಮೊಣಕಾಲುಗಳು ಬಾತವು, ಜ್ವರ ಇಳಿಯಲಿಲ್ಲ. ಅರಮನೆಯ ಮೇಲ್ವಿಚಾರಕ ಫಲ್ಕ್ ದಾರದುಂಡೆ ತಂದ.

"ವಾಸಿಯಾಗ್ಬೇಕಂದ್ರೆ, ಮಗು ಎಷ್ಟುದ್ದವೋ ಅಷ್ಟುದ್ದದ ಮೇಣದಬತ್ತಿ ಕ್ಯಾಂಟರ್‌ಬರಿ ಸಂತನಿಗೆ ಹರಕೆ ಹೋಗ್ಬೇಕು. ಅಳೆದು ಕೊಡೇ. ಒಂದು ಬೆರಳು ಕಮ್ಮಿ ಆದ್ರೂ ಸಂತ ಕಣ್ಣೆತ್ತಿ ನೋಡಲ್ಲ."

ಎಮ್ಮಟ್ ನೆತ್ತಿಯಿಂದ ದಾರ ಹಿಡಿದಳು. ಹುಡುಗ ಕಾಲು ಮಡಚಿ ಮಲಗಿದ್ದ. ನೆಟ್ಟಗೆ ಮಾಡಹೋದರೆ ಜೀವ ಹೋಗುವಂತೆ ಕಿರುಚಿದ. "ಬೇಡ ಎಮ್, ಬೇಡ." ಅವಳು ಮಡಚಿದ ಹಿಮ್ಮಡಿಯ ತನಕ ಅಳೆದು ದಾರ ಕಡಿದಳು. ಒಂದು ಗೇಣು ಕಡಿಮೆಯೆಂದು ಅವಳಿಗೆ ಗೊತ್ತಿತ್ತು. ನೋವು ತಗ್ಗಿದ ಮೇಲೆ ಮತ್ತೆ ಅಳೆದರಾಯಿತು ಎಂದುಕೊಂಡಳು.

ಆ ಅಳತೆಗೇ ಮೇಣದಬತ್ತಿ ಹೋಯಿತು. ಒಂಬತ್ತನೇ ದಿನ ಹುಡುಗನೂ ಹೋದ. ಅವಳೇ ಮೈ ತೊಳೆದಳು. ಈಗ ಕಾಲುಗಳು ಸುಮ್ಮನೆ ನೆಟ್ಟಗಾದವು. ಆಮೇಲೆ ಅವಳು ಉಂಡಳು, ಮಲಗಿದಳು, ಹಾಸಿಗೆ ಬಟ್ಟೆ ಒಗೆದಳು. ಒಳಗೆ ಮರಗಟ್ಟಿಹೋಗಿತ್ತು.

ತಿಂಗಳಾದ ಮೇಲೆ ಕಲ್ಲುಕುಟಿಗ ಆಸ್ಬರ್ಟ್ ಬಂದ. ಗೋರಿಯ ಮೇಲೆ ಮಗನಷ್ಟೇ ಉದ್ದದ ಪ್ರತಿಮೆ ಇರಲಿ ಎಂದು ರಾಣಿ ಬರೆದಿದ್ದಳು. ಎಷ್ಟುದ್ದ ಎಂದು ಬರೆದಿರಲಿಲ್ಲ. ಪಾಪ, ಅವಳಿಗೇನು ಗೊತ್ತು!

"ಬತ್ತಿಯ ಅಳತೆ ಇದೆಯಲ್ಲ," ಎಂದು ಫಲ್ಕ್ ಹೇಳಿದ. ಆಸ್ಬರ್ಟ್ ಅಷ್ಟಕ್ಕೇ ಕಲ್ಲಿನ ಮೇಲೆ ಇದ್ದಿಲ ಗೆರೆ ಎಳೆದ.

ಮರುದಿನ ಊರಿಗೆ ಹೊರಡಬೇಕಿದ್ದ ಎಮ್ಮಟ್ ಅಲ್ಲೇ ನಿಂತಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಯುವರಾಜನಿಗೆ ಹಾಲೂಡಿದವಳೆಂಬ ಹೆಸರು ಹೊತ್ತು ಹೋಗಬಹುದಿತ್ತು. ಬಾಯಿಬಿಟ್ಟರೆ ಅವನನ್ನು ಕೊಂದವಳು. ಅವಳು ಗೆರೆಯ ತುದಿಗೆ ಬೆರಳಿಟ್ಟಳು.

"ಅಷ್ಟೇ ಅಲ್ಲ. ಇನ್ನೊಂದು ಗೇಣು ಉದ್ದ ಇದ್ದ."

ಫಲ್ಕ್ ಅವಳತ್ತ ತಿರುಗಿದ. "ಹಂಗಾದ್ರೆ ಸಂತನಿಗೆ ಹೋದ ಬತ್ತಿ?"

"ಸುಳ್ಳು ಅಳತೆದು. ಕಾಲು ಎಳೆದ್ರೆ ಕಿರುಚ್ತಿತ್ತು ಮಗು. ನಾನು ಎಳೀಲಿಲ್ಲ."

"ಅಯ್ಯೋ ಪಾಪಿ! ನೀನೇ ಕೊಂದ್ಯಲ್ಲೇ ಅವನ್ನ!"

"ಇರ್ಬೋದು, ಒಡೆಯಾ," ಎಂದಳು ಎಮ್ಮಟ್. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಕಲ್ಲಲ್ಲಾದ್ರೂ ಅವನು ಕಾಲು ಚಾಚಿ ಮಲಗ್ಲಿ."